ಟೋನಪ್ಪನ ಗಣಿ ಯಂತ್ರ

ಕೂತಲ್ಲಿ ಕೂರಲಾರದ ಜನರನ್ನು ನೀವೂ ನೋಡಿರುತ್ತೀರಿ. ಆದರೆ ಟೋನಪ್ಪನನ್ನು ನೋಡಿಲ್ಲ ಅಂದರೆ ನೀವು ನೋಡಿದ್ದೇನೂ ಲೆಕ್ಕಕ್ಕಿಲ್ಲ ಬಿಡಿ. ಊಟಕ್ಕೆ ಕೂತವನು ನಾಲ್ಕು ತುತ್ತಿಗೊಮ್ಮೆ ಎದ್ದು, ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿದೆಯೇನೋ ಎಂದು ನೋಡಿ ಬರುತ್ತಾನೆ. ಪೇಪರು ಓದುವಾಗ ಎಡಗಾಲು ಕುಣಿಸುತ್ತಾನೆ; "ಕಾಲು ನಿಲ್ಸ್ರೀ" ಎಂದು ಹೆಂಡತಿ ಗದರಿದರೆ ಬಲಗಾಲು ಶುರುವಾಗುತ್ತದೆ. ಇವರ ಪಕ್ಕ ಕೂತರೆ ಮನೆಯಲ್ಲಿದ್ದೂ ಬಸ್ಸಿನಲ್ಲಿ ಹೋದ ಹಾಗಾಗುತ್ತದೆ ಎಂದು ಆಕೆ ಬಂದವರ ಎದುರೇ ಹೇಳುತ್ತಾಳೆ. ಅವನಿಗೆ ಅದರಿಂದ ಬೇಜಾರೇನಿಲ್ಲ. ಹೇಳುವಷ್ಟರಲ್ಲಿ ಅವನು ಎದ್ದು ಹೋಗಿರುತ್ತಾನೆ.

ಟೋನಪ್ಪ ಅವನ ಹೆಸರಲ್ಲ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಆಗಿದ್ದ. ಯಾರ ಮನೆಯ ಫೋನು ಕೆಟ್ಟರೂ, ರಿಪೇರಿ ಮುಗಿಸಿ, ರಿಸೀವರ್ ಮನೆಯವರ ಕೈಗೆ ಕೊಟ್ಟು, "ಟೋನ್ ಬಂತಾ?" ಎಂದು ಕೇಳುತ್ತಿದ್ದ. ಬಂತು ಎಂದರೆ ಮುಖ ಅರಳುತ್ತಿತ್ತು. ಬೀದಿಯ ಮಕ್ಕಳು ಅದನ್ನೇ ಹಿಡಿದು ಟೋನಪ್ಪ ಮಾಡಿದರು, ದೊಡ್ಡವರಿಗೂ ಅದೇ ರೂಢಿಯಾಯಿತು.

ಎಕ್ಸ್‌ಚೇಂಜಿನ ಒಳಕೋಣೆಯಲ್ಲಿ ಆಳೆತ್ತರದ ಕಬ್ಬಿಣದ ಚೌಕಟ್ಟುಗಳು ಸಾಲಾಗಿ ನಿಂತಿರುತ್ತಿದ್ದವು. ಇಡೀ ಕೋಣೆ ಹಗಲಿಡೀ ಗುಂಯ್ ಎನ್ನುತ್ತಿತ್ತು. ಚಪ್ಪಲಿ ಹೊರಗೇ ಬಿಡಬೇಕು. ಕಿಟಕಿಯ ಸಂದಿಗೆಲ್ಲ ರಬ್ಬರ್ ಪಟ್ಟಿ, ಅದರ ಮೇಲೆ ಟೇಪು. ಒಂದು ಚಿಟಿಕೆ ಧೂಳು ಒಳಗೆ ಬಂದರೂ ನೂರು ಮನೆಯ ಫೋನು ಗೊರಗೊರ ಎನ್ನುತ್ತದೆ ಎಂದು ಹಿರಿಯರು ಅವನ ತಲೆಗೆ ತುಂಬಿದ್ದರು, ಅವನು ಕಿರಿಯರ ತಲೆಗೆ ತುಂಬಿದ. ಆ ಕೋಣೆ ಸದಾ ತಂಪಾಗಿರುತ್ತಿತ್ತು. ತಂಪು ಎಲ್ಲಿಂದ ಬರುತ್ತಿತ್ತು ಎಂದು ಅವನು ಯಾವತ್ತೂ ಯೋಚಿಸಿದವನಲ್ಲ. ಅದು ಏಸಿ ವಿಭಾಗದವರ ತಲೆನೋವು. ಧೂಳು ಮಾತ್ರ ಇವನದು.

ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು, ಎಕ್ಸ್‌ಚೇಂಜಿಗೆ ಬೀಗ ಬಿತ್ತು. ಟೋನಪ್ಪ ಐವತ್ತನಾಲ್ಕನೇ ವಯಸ್ಸಿಗೆ ಗಟ್ಟಿಮುಟ್ಟಾಗಿ ಮನೆಗೆ ಬಂದ. ಆ ಮೊದಲ ಆರು ತಿಂಗಳ ಕಥೆ ಕೇಳಬೇಡಿ. ಅಡುಗೆಮನೆಯ ಡಬ್ಬಗಳಿಗೆಲ್ಲ ನಂಬರು ಅಂಟಿಸಿದ. ಉಪ್ಪಿಗೆ ನಾಲ್ಕು, ಸಕ್ಕರೆಗೆ ಒಂಬತ್ತು. ಬಟ್ಟೆ ಒಣಹಾಕುವ ಹಗ್ಗವನ್ನು ಮೂರು ಸಲ ಜಾಗ ಬದಲಿಸಿದ. ಕುಕ್ಕರಿನ ಸೀಟಿ ಎಣಿಸಿ, "ಇವತ್ತು ಒಂದು ಕಡಿಮೆ ಹೊಡೀತಲ್ಲಾ" ಎಂದು ಒಲೆಯ ಹತ್ತಿರ ಬಂದು ನಿಂತ. ಹೆಂಡತಿ ತಾಳಿದಳು, ತಾಳಿದಳು, ಒಂದು ದಿನ ಸೌಟು ಕುಕ್ಕಿ, "ರೀ, ನಿಮಗೆ ಕೈಮುಗೀತೀನಿ, ಈ ಮನೆ ನಿಮ್ಮ ಎಕ್ಸ್‌ಚೇಂಜ್ ಅಲ್ಲ. ಇಲ್ಲಿ ಏನೂ ಕೆಟ್ಟಿಲ್ಲ" ಎಂದಳು.

ಏನೂ ಕೆಟ್ಟಿಲ್ಲ. ಆ ಮಾತು ಅವನ ಎದೆಗೆ ನಾಟಿತು. ಕೆಟ್ಟದ್ದು ಏನೂ ಇಲ್ಲದ ಮನೆಯಲ್ಲಿ ತಾನೇಕೆ ಇರಬೇಕು? ಇದನ್ನು ಯಾರಿಗೂ ಹೇಳಲಿಲ್ಲ. ಆದರೆ ಅವತ್ತಿನಿಂದ ಕಾಲು ಕುಣಿಸುವುದು ಹೆಚ್ಚಾಯಿತು.

ಗಣಿ ಯಂತ್ರವನ್ನು ಮನೆಗೆ ತಂದವಳು ಹೆಂಡತಿಯೇ, ಬೇರೆ ಯಾರೂ ಅಲ್ಲ. ಅವಳ ತಮ್ಮ ಕಂಪ್ಯೂಟರ್ ಆಟದ ಸೆಂಟರ್ ನಡೆಸುತ್ತಿದ್ದ. ಅದು ಮುಚ್ಚಿದ ಮೇಲೆ ಉಳಿದ ಮೂರು ಗ್ರಾಫಿಕ್ಸ್ ಕಾರ್ಡುಗಳನ್ನು ಒಂದು ಅಲ್ಯೂಮಿನಿಯಂ ಚೌಕಟ್ಟಿಗೆ ಬಿಗಿದು ಕ್ರಿಪ್ಟೋ ಮೈನಿಂಗ್‌ಗೆ, ಅಂದರೆ ಕಂಪ್ಯೂಟರ್ ನಾಣ್ಯದ ಗಣಿಗಾರಿಕೆಗೆ, ಹಚ್ಚಿದ್ದ, ಒಂದೇ ವರ್ಷಕ್ಕೆ ಬೇಸರ ಬಂದು ಮೂಲೆಗೆ ಹಾಕಿದ್ದ. "ನಿಮ್ಮ ಭಾವನಿಗೆ ಕೊಡೋ. ಕೈಗೊಂದು ಕೆಲಸ ಆಗ್ಲಿ, ನನ್ನ ಡಬ್ಬಗಳು ಉಳೀಲಿ" ಎಂದು ಅಕ್ಕ ಗೋಗರೆದಳು. ಅವನು ಆಟೋದಲ್ಲಿ ಹೇರಿಕೊಂಡು ಬಂದು ಇಳಿಸಿಹೋದ.

ಆ ಯಂತ್ರದ ಕೆಲಸ ಇಷ್ಟೇ: ಹಗಲೂ ರಾತ್ರಿ ಲೆಕ್ಕ ಮಾಡುವುದು. ಲೋಕದಲ್ಲಿ ಲಕ್ಷಾಂತರ ಯಂತ್ರಗಳು ಅದೇ ಲೆಕ್ಕಕ್ಕೆ ಮುಗಿಬಿದ್ದಿರುತ್ತವೆ. ಎಷ್ಟು ದುಡಿಯಿತೋ ಅಷ್ಟಕ್ಕೆ ಕಾಣದ ನಾಣ್ಯದ ಚೂರುಪಾರು ಮೊಬೈಲಿಗೆ ಬಂದು ಬೀಳುತ್ತದೆ. ಕರೆಂಟಿನ ಖರ್ಚು ಕಳೆದರೆ ತಿಂಗಳಿಗೆ ಟೋನಪ್ಪನ ಕಾಫಿಪುಡಿ ಖರ್ಚು ಹುಟ್ಟುತ್ತಿತ್ತು, ಕೆಲವು ತಿಂಗಳು ಅದೂ ಇಲ್ಲ. ಆದರೆ ಅವನಿಗೆ ಬೇಕಿದ್ದದ್ದು ದುಡ್ಡಾದರೂ ಎಲ್ಲಿ? ಮೊದಲ ದಿನ ಸ್ವಿಚ್ ಹಾಕಿದಾಗ ಆ ಚೌಕಟ್ಟು ಗುಂಯ್ ಎಂದಿತಲ್ಲ, ಅವನು ಕೈಕಟ್ಟಿಕೊಂಡು ಕಾಲು ಗಂಟೆ ಅಲ್ಲಾಡದೆ ನಿಂತುಬಿಟ್ಟ. ಹೆಂಡತಿ ಬಾಗಿಲಲ್ಲಿ ಇಣುಕಿ, ಇವರಿಗೆ ಏನಾದರೂ ಆಯಿತೇನೋ ಎಂದು ಗಾಬರಿಯಾದಳು.

ಯಂತ್ರಕ್ಕೆ ಹಿಂದಿನ ಕೋಣೆ ಕೊಟ್ಟರು. ಅದು ಅದುವರೆಗೆ ಅವಳ ಹೊಲಿಗೆ ಕೋಣೆ. ಕಾಲಿನಲ್ಲಿ ತುಳಿಯುವ ಹೊಲಿಗೆ ಯಂತ್ರವನ್ನು ಗೋಡೆಯ ಕಡೆ ಸರಿಸಿ, ಮೇಲೊಂದು ಹಳೇ ಹೊದಿಕೆ ಹಾಕಿದ. "ನೀನು ಹಾಲ್‌ನಲ್ಲಿ ಕೂತು ಹೊಲಿದರೆ ಆಯ್ತು" ಎಂದ. ಅವಳು ಹೂಂ ಎಂದಳು. ಅವನು ಎಕ್ಸ್‌ಚೇಂಜಿನಲ್ಲಿ ಮಾಡುತ್ತಿದ್ದ ಹಾಗೆಯೇ ಕಿಟಕಿಯ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿ ಚಿಲಕ ಬಿಗಿದ, ಬಾಗಿಲ ಬಳಿ ಚಪ್ಪಲಿ ಬಿಡಿಸಿದ. ಮನೆಯೊಳಗೆ ಚಪ್ಪಲಿ ಹಾಕುವವರೇ ಇರಲಿಲ್ಲ, ಆ ಮಾತು ಬೇರೆ.

ಯಂತ್ರ ದಿನಕ್ಕೆ ಒಂದೆರಡು ಸಲ ನಿಲ್ಲುತ್ತಿತ್ತು. ಟೋನಪ್ಪ ಓಡಿಹೋಗಿ ಗುಂಡಿ ಒತ್ತಿ ಎಬ್ಬಿಸುತ್ತಿದ್ದ. ಅಷ್ಟಕ್ಕೇ ಸುಮ್ಮನಿದ್ದರೆ ಅವನು ಟೋನಪ್ಪ ಹೇಗಾದಾನು! ಮೂರು ಕಾರ್ಡು ಐದಾಗಬೇಕು, ಹಳೇ ಪವರ್ ಸಪ್ಲೈ ಹೋಗಿ ದೊಡ್ಡದು ಬರಬೇಕು, ವೈರೆಲ್ಲ ಹೊಸದಾಗಬೇಕು ಎಂಬ ಹುಚ್ಚು ಹತ್ತಿತು. ಹೊಸ ಸಾಮಾನು ಕೊಳ್ಳುವಷ್ಟು ಅವನಲ್ಲಿ ಎಲ್ಲಿತ್ತು? ಹೆಂಡತಿಗೂ ಹೇಳದೆ ಸ್ಕೂಟರ್ ಮಾರಿದ. ಆ ದುಡ್ಡನ್ನು ಲಕೋಟೆಯಲ್ಲಿ ಹಾಕಿ, ಇದರಲ್ಲೇ ಎಲ್ಲ ಮುಗಿಸುತ್ತೇನೆ ಎಂದು ತನಗೆ ತಾನೇ ಆಣೆ ಹಾಕಿಕೊಂಡ.

ಸ್ಕೂಟರ್ ಇಲ್ಲದ್ದು ಗೊತ್ತಾದ ದಿನ ಹೆಂಡತಿ ಕೂಗಾಡಲಿಲ್ಲ. ಅದರಿಂದ ಅವನಿಗೆ ಇನ್ನೂ ಭಯವಾಯಿತು. ಅವಳು ಎದುರು ಕುರ್ಚಿ ಎಳೆದುಕೊಂಡು ಕೂತು ಹೇಳಿದಳು: "ನೋಡ್ರೀ, ಮುಂದಿನ ತಿಂಗಳು ಸ್ಕೂಲ್ ಶುರುವಾಗುತ್ತೆ. ಯೂನಿಫಾರ್ಮ್ ಆರ್ಡರು ರಾಶಿ ಬರುತ್ತೆ. ನನಗೆ ಆ ಕೋಣೆ ಬೇಕು. ಈ ತಿಂಗಳು ಮುಗಿಯೋದ್ರೊಳಗೆ ನಿಮ್ಮ ಮಷೀನು ಒಂದು ವಾರ, ಒಂದೇ ಒಂದು ವಾರ, ನಿಲ್ಲದೆ ಓಡ್ಲಿ. ಆಗ ಇಟ್ಕೊಳ್ಳಿ, ನಾನು ಹೇಗೋ ಹೊಂದಿಸ್ಕೋತೀನಿ. ಇಲ್ಲಾಂದ್ರೆ ನನ್ನ ತಮ್ಮ ಬಂದು ಎತ್ಕೊಂಡು ಹೋಗ್ತಾನೆ. ಸರೀನಾ?"

"ಒಂದು ವಾರ ಏನು, ಒಂದು ವರ್ಷ ಓಡಿಸ್ತೀನಿ" ಎಂದ ಟೋನಪ್ಪ. ಯಂತ್ರ ಹೋದರೆ ಮತ್ತೆ ಡಬ್ಬ ಎಣಿಸುತ್ತಾ ಕೂರಬೇಕು. ಈ ಮನೆಯಲ್ಲಿ ಅವನನ್ನು ಬೇಕು ಎನ್ನುವುದು ಅದೊಂದೇ ಇತ್ತು.

ಹಳೇ ಸಾಮಾನಿನ ಬೀದಿ ಮನೆಯಿಂದ ನಡೆದರೆ ನಲವತ್ತು ನಿಮಿಷ. ಸ್ಕೂಟರ್ ಇಲ್ಲದೆ ಟೋನಪ್ಪ ದಿನಾ ಹನ್ನೊಂದಕ್ಕೆ ಹೊರಟು, ಅಂಗಡಿಗಳನ್ನು ಜಾಲಾಡಿ, ಒಂದೂವರೆಗೆ ಬೆವರು ಸುರಿಸುತ್ತಾ ಬರುತ್ತಿದ್ದ. ಅಲ್ಲೊಬ್ಬ ಅಂಗಡಿಯವನು, ಬಿಚ್ಚಿದ ಕಂಪ್ಯೂಟರುಗಳ ನಡುವೆ ಹೊಟ್ಟೆ ಮಾತ್ರ ಕಾಣುವ ಹಾಗೆ ಕೂತಿರುವವನು, ಇವನಿಗೆ ಗೆಳೆಯನಾದ. ನಾಲ್ಕನೇ ಕಾರ್ಡು ಅವನಲ್ಲೇ ಸಿಕ್ಕಿತು, ಮೈಮೇಲಿನ ಪುಟ್ಟ ಫ್ಯಾನಿನ ಒಂದು ರೆಕ್ಕೆ ಮುರಿದದ್ದು. ಚೌಕಾಸಿ ಮಾಡಿ ಅರ್ಧಕ್ಕೆ ಇಳಿಸಿ, ರೆಕ್ಕೆಯನ್ನು ಹಳೇ ಪ್ಲಾಸ್ಟಿಕ್ ಡಬ್ಬದ ಮುಚ್ಚಳದಿಂದ ಕತ್ತರಿಸಿ ಅಂಟಿಸಿದ. ಐದನೆಯದಕ್ಕೆ ಎಂಟು ದಿನ ಓಡಾಡಿದ. ಪವರ್ ಸಪ್ಲೈ ಯಾವುದೋ ಮುಚ್ಚಿದ ಆಫೀಸಿನದು, ಇಟ್ಟಿಗೆಯಷ್ಟು ಭಾರ. ಅದನ್ನು ಹೆಗಲ ಚೀಲದಲ್ಲಿ ಹೊತ್ತು ತಂದ ದಿನ ಭುಜ ಊದಿಕೊಂಡಿತು. ಹೆಂಡತಿ ಎಣ್ಣೆ ಹಚ್ಚಿದಳು.

ಐದು ಕಾರ್ಡು ಕೂಡಿಸಿ ಸ್ವಿಚ್ ಹಾಕಿದ. ಏನು ಸಂಭ್ರಮ! ಗುಂಯ್ ಎನ್ನುವುದು ಎರಡು ಪಟ್ಟು. ಲೆಕ್ಕದ ವೇಗ ತೋರಿಸುವ ನಂಬರು ಏರಿತು, ಏರಿತು, ಅರ್ಧ ಗಂಟೆಗೆ ಜರ್ರನೆ ಇಳಿಯಿತು. ಕಾರ್ಡುಗಳು ಕಾದು ಕೆಂಡವಾಗಿದ್ದವು. ಹೆಚ್ಚು ಕಾದರೆ ಅವು ತಾವೇ ನಿಧಾನವಾಗುತ್ತವೆ, ಇನ್ನೂ ಕಾದರೆ ನಿಂತೇಬಿಡುತ್ತವೆ. ಮೊದಲು ದಿನಕ್ಕೆ ಎರಡು ಸಲ ನಿಲ್ಲುತ್ತಿದ್ದ ಯಂತ್ರ ಈಗ ಐದು ಸಲ ನಿಂತಿತು. ಟೋನಪ್ಪನ ಪಿತ್ತ ನೆತ್ತಿಗೇರಿತು. ಕಾರ್ಡು ಬಿಚ್ಚಿ ಬಿಸಿ ಎಳೆಯುವ ಹಳೇ ಪೇಸ್ಟು ಕೆರೆದು ಹೊಸದು ಹಚ್ಚಿದ. ಎರಡು ಟೇಬಲ್ ಫ್ಯಾನು ತಂದು ಎದುರುಬದುರು ಇಟ್ಟ. ಮುಚ್ಚಿದ ಕೋಣೆಯ ಬಿಸಿಗಾಳಿಯನ್ನೇ ಒಂದು ಫ್ಯಾನು ಇನ್ನೊಂದಕ್ಕೆ ದಾಟಿಸುತ್ತಾ ಕೂತಿತು.

ಭಾವಮೈದನಿಗೆ ಫೋನ್ ಮಾಡಿದ. ಅವನು, "ಭಾವ, ಕಿಟಕಿ ತೆಗೆದಿಟ್ಟಿದ್ದೀರಾ ತಾನೇ?" ಎಂದ.

"ಕಿಟಕಿ ತೆಗೆಯೋದಾ? ಉಪಕರಣದ ಕೋಣೆಗೆ? ಏನಯ್ಯಾ ನೀನು, ಧೂಳು ಹೊಡೆದು ಎಲ್ಲ ಹಾಳಾಗಲ್ವಾ! ಮೂವತ್ತೊಂದು ವರ್ಷ ನಾನೇನು ಕತ್ತೆ ಕಾಯ್ತಿದ್ನಾ?"

"ಆಯ್ತು ಭಾವ, ಆಯ್ತು" ಎಂದು ಅವನು ಫೋನ್ ಇಟ್ಟ.

ಇಷ್ಟರಲ್ಲಿ ಒಂದು ವಿಚಿತ್ರ ಟೋನಪ್ಪನ ಕಣ್ಣಿಗೆ ಬಿತ್ತು. ಯಂತ್ರ ದಿನವಿಡೀ ಎಷ್ಟು ವೇಗದಲ್ಲಿ ಓಡಿತು ಎಂದು ಮೊಬೈಲಿನಲ್ಲಿ ಗೆರೆ ಎಳೆದು ತೋರಿಸುತ್ತಿತ್ತು. ಬೆಳಿಗ್ಗೆಯಿಂದ ಆ ಗೆರೆ ಏಳುತ್ತಾ ಬೀಳುತ್ತಾ ಕುಂಟುತ್ತಿತ್ತು. ಹನ್ನೊಂದೂಕಾಲಿಗೆ ಮೇಲೇರಿ, ಒಂದೂಕಾಲಿನವರೆಗೆ ನೆಟ್ಟಗೆ ನಡೆದು, ಮತ್ತೆ ದಬಕ್ಕನೆ ಕೆಳಗೆ. ನಿನ್ನೆಯೂ ಹಾಗೇ, ಮೊನ್ನೆಯೂ ಹಾಗೇ. ಅವನಿಗೆ ತಲೆ ಚಿಟ್ಟು ಹಿಡಿಯಿತು. ಆ ಹೊತ್ತಿಗೆ ಬೀದಿ ಕೊನೆಯ ಹಿಟ್ಟಿನ ಗಿರಣಿ ನಿಲ್ಲುತ್ತಿರಬೇಕು, ವೋಲ್ಟೇಜು ಸರಿಯಾಗುತ್ತಿರಬೇಕು ಎಂದುಕೊಂಡು ಗಿರಣಿಗೆ ಹೋಗಿ ವಿಚಾರಿಸಿದ. ಅವರ ಗಿರಣಿ ಜೋರಾಗಿ ಓಡುವುದೇ ಆ ಹೊತ್ತಿನಲ್ಲಂತೆ. ಆದರೂ ಮನಸ್ಸು ಕೇಳದೆ ಲಕೋಟೆಯಲ್ಲಿ ಉಳಿದ ದುಡ್ಡಿಗೆ ಒಂದು ಹಳೇ ಸ್ಟೆಬಿಲೈಸರ್ ತಂದ. ಗೆರೆ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಲಕೋಟೆ ಖಾಲಿಯಾಯಿತು.

ಹಳೇ ಸಾಮಾನಿನವನಿಗೆ ಆ ಗೆರೆ ತೋರಿಸಿದ. ಅವನು ಮೊಬೈಲನ್ನು ಹತ್ತಿರ ಹಿಡಿದು, ದೂರ ಹಿಡಿದು, ಹೊಟ್ಟೆ ಕುಲುಕಿಸಿ ನಕ್ಕ. "ಯಜಮಾನ್ರೇ, ಇದು ನೀವು ನನ್ನ ಅಂಗಡೀಲಿ ಇರೋ ಹೊತ್ತಲ್ವಾ? ನೀವು ಮನೇಲಿ ಇಲ್ದಾಗ ಮಾತ್ರ ಅದು ಚೆನ್ನಾಗಿ ಓಡುತ್ತೆ. ದಿನವೆಲ್ಲಾ ಇಲ್ಲೇ ಇದ್ಬಿಡಿ, ಎಲ್ಲ ಸರಿಹೋಗುತ್ತೆ!"

ಟೋನಪ್ಪನೂ ನಕ್ಕ. ನಗುತ್ತಲೇ ಬೀದಿಗೆ ಬಂದ. ಆದರೆ ಮನೆ ಸೇರುವವರೆಗೂ ಆ ಮಾತು ಬೆನ್ನು ಬಿಡಲಿಲ್ಲ. ಕುಕ್ಕರು, ಹಗ್ಗ, ಡಬ್ಬ ಎಲ್ಲ ಒಂದೊಂದಾಗಿ ನೆನಪಾದವು. ತನ್ನಿಂದಲೇ ಎಲ್ಲ ಕೆಡುತ್ತಿದೆಯೇನೋ ಎನ್ನಿಸಿ ಮೊದಲ ಸಲ ಹೆದರಿದ.

ಮರುದಿನ ಹನ್ನೊಂದಕ್ಕೆ ಎಂದಿನಂತೆ ಹೊರಟ. ಖಾಲಿ ಲಕೋಟೆ ಇಟ್ಟುಕೊಂಡು ಬೀದಿ ಅಲೆದು ಮಾಡುವುದೇನಿತ್ತು? ಅರ್ಧ ದಾರಿಗೆ ಕಾಲು ತಾನೇ ತಿರುಗಿತು. ಮನೆ ಬಾಗಿಲು ತೆಗೆದಾಗ ಹಿಂದಿನ ಕೋಣೆಯಿಂದ ಗುಂಯ್ ಎನ್ನುವುದರ ಜೊತೆಗೆ ಟಕಟಕ ಟಕಟಕ ಎನ್ನುವ ಸದ್ದು ಕೇಳಿಸಿತು. ಹೋಗಿ ನೋಡುತ್ತಾನೆ, ಕಿಟಕಿ ಎರಡೂ ಕಡೆ ಹಾರುಹೊಡೆದಿದೆ! ಬಿಸಿಲು ಕೋಣೆಯ ಮಧ್ಯದವರೆಗೆ ಬಿದ್ದಿದೆ. ಹೊಲಿಗೆ ಯಂತ್ರವನ್ನು ಕಿಟಕಿಗೆ ಎಳೆದುಕೊಂಡು ಹೆಂಡತಿ ನೀಲಿ ಬಟ್ಟೆ ಹೊಲಿಯುತ್ತಿದ್ದಾಳೆ, ಬಾಯಲ್ಲಿ ಏನೋ ಗುನುಗು.

"ಧೂಳು!" ಎಂದು ಕಿರುಚಿದ ಟೋನಪ್ಪ. "ಎಷ್ಟು ಸಲ ಬಡ್ಕೊಂಡಿದ್ದೀನಿ, ಕಿಟಕಿ ತೆಗೀಬೇಡ..."

ಅಷ್ಟರಲ್ಲಿ ಕಣ್ಣು ನಂಬರಿನ ಮೇಲೆ ಬಿತ್ತು. ಐದು ಕಾರ್ಡೂ ತಣ್ಣಗಿವೆ. ವೇಗ ತುದಿಯಲ್ಲಿದೆ. ಕಿಟಕಿಯಿಂದ ಬಂದ ಗಾಳಿ ಚೌಕಟ್ಟನ್ನು ಹಾದು ಬಾಗಿಲಿನಿಂದ ಹೊರಗೆ, ಅವನ ಮುಖಕ್ಕೇ ಹೊಡೆಯುತ್ತಿದೆ.

ಹೆಂಡತಿ ಕಾಲು ನಿಲ್ಲಿಸಿದಳು. ಸಿಕ್ಕಿಬಿದ್ದೆ ಎನ್ನುವ ಮುಖ ಒಂದು ಗಳಿಗೆ, ಆಮೇಲೆ ಸಿಟ್ಟು. "ಬೈಯೋದಿದ್ರೆ ಬೈದ್ಬಿಡಿ. ಹಾಲ್‌ನಲ್ಲಿ ನನಗೆ ಸೂಜಿ ಕಣ್ಣು ಕಾಣ್ಸಲ್ಲ. ಇಲ್ಲಿ ಕಿಟಕಿ ಹಾಕ್ಕೊಂಡು ಕೂತ್ರೆ ಬೇಯ್ತೀನಿ. ನೀವು ಹೊರಗೆ ಹೋದಾಗ ತೆಗೀತೀನಿ, ಬರೋ ಹೊತ್ತಿಗೆ ಹಾಕಿ, ಕಸ ಗುಡಿಸಿ, ಎಲ್ಲ ಹೇಗಿತ್ತೋ ಹಾಗೆ ಇಡ್ತೀನಿ. ನಿಮ್ಮ ಮಷೀನಿಗೆ ನಾನೇನೂ ಮಾಡಿಲ್ಲ."

"ಯಾವಾಗಿಂದ?"

"ನೀವು ಸ್ಕೂಟರ್ ಮಾರಿದಾಗಿಂದ. ಮೊದಲಾದ್ರೆ ಹೋದ ಹಾಗೇ ವಾಪಸ್ ಬರ್ತಿದ್ರಿ."

ಟೋನಪ್ಪ ಬಾಗಿಲ ಚೌಕಟ್ಟಿಗೆ ಒರಗಿದ. ತಾನು ಸ್ಕೂಟರ್ ಮಾರಿ, ಭುಜ ಊದಿಸಿಕೊಂಡು, ಗಿರಣಿಗೂ ಅಲೆದು ಮಾಡಲಾಗದ್ದನ್ನು ಅವಳು ಒಂದು ಚಿಲಕ ತೆಗೆದು ಮಾಡಿದ್ದಳು. ಅದೂ ಹೆದರಿ ಹೆದರಿ, ತನ್ನ ಮನೆಯಲ್ಲೇ ಕಳ್ಳಿಯ ಹಾಗೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ತೆಗೆದೇ ಇರ್ಲಿ ಬಿಡು" ಎಂದ. "ನೀನೂ ಇಲ್ಲೇ ಹೊಲಿ."

ಅವಳಿಗೆ ನಂಬಿಕೆ ಬರಲಿಲ್ಲ. "ನಿಜವಾಗ್ಲೂನಾ? ಸಂಜೆಗೆ ಮನಸ್ಸು ಬದಲಾಯಿಸಲ್ಲ ತಾನೇ?" ಎಂದು ಎರಡು ಸಲ ಕೇಳಿದಳು.

ತಿಂಗಳು ಮುಗಿಯಲು ಎಂಟು ದಿನ ಉಳಿದಿತ್ತು. ಆ ಹೊತ್ತಿನಿಂದಲೇ ವಾರದ ಲೆಕ್ಕ ಶುರು ಎಂದು ಇಬ್ಬರೂ ಒಪ್ಪಿದರು. ಮೊದಲ ದಿನ ಯಂತ್ರ ನಿಲ್ಲಲಿಲ್ಲ. ಎರಡನೇ ದಿನವೂ ನಿಲ್ಲಲಿಲ್ಲ. ಮೊಬೈಲಿನ ಗೆರೆ ಅಳತೆಪಟ್ಟಿ ಇಟ್ಟು ಎಳೆದ ಹಾಗೆ. ಭಾವಮೈದ ಫೋನ್ ಮಾಡಿ, "ಭೇಷ್ ಭಾವ, ಇಷ್ಟು ಕಡಿಮೆ ಖರ್ಚಲ್ಲಿ ಐದು ಕಾರ್ಡು ಹೀಗೆ ಓಡಿಸಿದ್ದನ್ನ ನಾನು ನೋಡಿಲ್ಲ" ಎಂದು ಹೊಗಳಿದ. ಟೋನಪ್ಪ ಹಿಗ್ಗಬೇಕಿತ್ತಲ್ಲವೇ? ಹಿಗ್ಗಿದ, ಒಂದು ದಿನ. ಮೂರನೇ ದಿನ ಬೆಳಿಗ್ಗೆ ಎದ್ದು ಯಂತ್ರದ ಮುಂದೆ ನಿಂತ. ಮಾಡಲು ಏನೂ ಇರಲಿಲ್ಲ. ಧೂಳು ಒರೆಸಿದ. ಹತ್ತು ನಿಮಿಷ ಬಿಟ್ಟು ಮತ್ತೆ ಒರೆಸಿದ. ಬಿಗಿಯಾಗಿದ್ದ ತಿರುಪುಗಳನ್ನೇ ಇನ್ನಷ್ಟು ಬಿಗಿ ಮಾಡಿದ.

ನಾಲ್ಕನೇ ದಿನ ಹೆಂಡತಿ ಹೊಲಿಯುತ್ತಾ ಕೂತಿದ್ದಾಗ ಎಂಟು ಸಲ ಬಂದು ಇಣುಕಿದ. "ಏನಾದ್ರೂ ಸದ್ದು ಬಂತಾ?" "ಇಲ್ಲ." "ನಿಂತ ಹಾಗಾಯ್ತಾ?" "ಇಲ್ಲಾರೀ, ಚೆನ್ನಾಗಿ ಓಡ್ತಿದೆ." ಚೆನ್ನಾಗಿ ಓಡುತ್ತಿದೆ ಎಂದು ಕೇಳಿದಾಗಲೆಲ್ಲ ಅವನಿಗೆ ಯಾರೋ ಎದೆಗೆ ಕೈಹಚ್ಚಿ ಹಿಂದೆ ನೂಕಿದ ಹಾಗಾಗುತ್ತಿತ್ತು. ಊಟ ರುಚಿಸಲಿಲ್ಲ. ಐದನೇ ದಿನ ಸುಮ್ಮನೆ ಹಳೇ ಸಾಮಾನಿನ ಬೀದಿಗೆ ನಡೆದು, ಅಂಗಡಿಯವನ ಎದುರು ಅರ್ಧ ಗಂಟೆ ನಿಂತು, ಏನೂ ಕೊಳ್ಳದೆ ಬಂದ. ಅವಳಿಗೆ ಬೆಳಕು ಸಿಕ್ಕಿತ್ತು, ಯಂತ್ರಕ್ಕೆ ಗಾಳಿ ಸಿಕ್ಕಿತ್ತು, ಇವನಿಗೆ ಮಾತ್ರ ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ.

ಆರನೇ ದಿನ ಮಧ್ಯಾಹ್ನ ಹೆಂಡತಿ ಬಟ್ಟೆ ಕತ್ತರಿಸಿ ಜೋಡಿಸಿಟ್ಟು ಎದ್ದಳು. ಹದಿನಾಲ್ಕು ನೀಲಿ ಅಂಗಿ. ಮರುದಿನ ಬೆಳಿಗ್ಗೆ ಎಂಟಕ್ಕೆ ಸ್ಕೂಲಿನವರು ಬಂದು ಒಯ್ಯುತ್ತಾರೆ, ಇನ್ನೂ ಒಂದೂ ಹೊಲಿದಿರಲಿಲ್ಲ. "ಗುಂಡಿ ಸಾಲಲ್ಲ, ತಂದ್ಬಿಡ್ತೀನಿ. ಬಂದ ಮೇಲೆ ಎದ್ದೇಳೋ ಹಾಗಿಲ್ಲ ನಾನು" ಎಂದು ಚೀಲ ಹಿಡಿದು ಹೋದಳು.

ಟೋನಪ್ಪ ಕೋಣೆಯ ನಡುವೆ ನಿಂತ. ಯಂತ್ರ ಗುಂಯ್ ಎನ್ನುತ್ತಿತ್ತು, ಅವನ ಕಡೆ ತಿರುಗಿಯೂ ನೋಡದೆ. ಕಿಟಕಿಯ ಹತ್ತಿರ ಹೋದ. ಹೊರಗೆ ಹಿಂದಿನ ಮನೆಯ ಗೋಡೆ, ಒಂದು ಸೈಕಲ್ಲು. ಒಂದು ಬಾಗಿಲು ಎಳೆದ. ಆಮೇಲೆ ಇನ್ನೊಂದು. ಚಿಲಕ ಹಾಕಿದ. ತಾನು ಏನು ಮಾಡುತ್ತಿದ್ದೇನೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಮೋರೆ ಮಾಡಿಕೊಂಡು ಸ್ಟೂಲಿನ ಮೇಲೆ ಕೂತ.

ಹತ್ತು ನಿಮಿಷಕ್ಕೆ ಬಿಸಿ ಏರತೊಡಗಿತು. ಇಪ್ಪತ್ತು ನಿಮಿಷಕ್ಕೆ ವೇಗ ಜಾರಿತು. ಅವನ ಎದೆ ಹೊಡೆದುಕೊಂಡಿತು, ನಿಜ ಹೇಳಬೇಕೆಂದರೆ ಸಂತೋಷಕ್ಕೆ. ರೆಕ್ಕೆ ಅಂಟಿಸಿದ ಆ ನಾಲ್ಕನೇ ಕಾರ್ಡು ಮೊದಲು ಮಲಗಿತು, ಆಮೇಲೆ ಎರಡನೆಯದು, ಆಮೇಲೆ ಇಡೀ ಚೌಕಟ್ಟು ಗಪ್ ಎಂದಿತು. "ಬಂದೆ, ಬಂದೆ" ಎನ್ನುತ್ತಾ ಟೋನಪ್ಪ ಹಾರಿ ಎದ್ದು ಗುಂಡಿಗೆ ಕೈ ಹಾಕಿದ. ಆ ಸದ್ದಿಲ್ಲದ ಕೋಣೆಯಲ್ಲಿ ತನ್ನ ದನಿ ತನಗೇ ಕೇಳಿಸಿತು, ಕೈ ಅಲ್ಲೇ ನಿಂತಿತು.

ಎಕ್ಸ್‌ಚೇಂಜಿನಲ್ಲಿ ಒಬ್ಬನಿದ್ದ. ಸಾಹೇಬರು ಬರುವ ದಿನ ತಾನೇ ಒಂದು ವೈರು ಸಡಿಲ ಮಾಡಿ, ಫೋನು ಸತ್ತಿತೆಂದು ಜನ ಕೂಗಾಡುವಾಗ ಓಡಿಹೋಗಿ ಸರಿಮಾಡಿ, ಶಹಬ್ಬಾಸ್ ಅನ್ನಿಸಿಕೊಳ್ಳುತ್ತಿದ್ದ. ಅದು ಗೊತ್ತಾದ ಮೇಲೆ ಟೋನಪ್ಪ ಎರಡು ವರ್ಷ ಅವನ ಮುಖ ನೋಡಿರಲಿಲ್ಲ, ಒಟ್ಟಿಗೆ ಚಹಾ ಕುಡಿದಿರಲಿಲ್ಲ. ಥೂ, ಮನುಷ್ಯನಾ ಅವನು ಎಂದು ಊರಿಗೆಲ್ಲ ಹೇಳಿದ್ದ. ಈಗ ಬೆವರಿಳಿಯುವ ಕೋಣೆಯಲ್ಲಿ ಟೋನಪ್ಪ ಸ್ಟೂಲಿನ ಮೇಲೆ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕಾಲು ಕುಣಿಯುವುದನ್ನು ಮರೆತಿತ್ತು.

ಹೆಂಡತಿ ಬಂದಾಗಲೂ ಹಾಗೇ ಕೂತಿದ್ದ. ಅವಳು ಬಾಗಿಲಲ್ಲಿ ನಿಂತು ಯಂತ್ರ ನೋಡಿದಳು, ಕಿಟಕಿ ನೋಡಿದಳು.

"ಗಾಳಿಗೆ ಹಾಕ್ಕೊಂಡಿರ್ಬೇಕು" ಎಂದಳು.

"ಇಲ್ಲ" ಎಂದ ಟೋನಪ್ಪ. ತಲೆ ಎತ್ತಲಿಲ್ಲ. "ಚಿಲಕ ನಾನೇ ಹಾಕ್ದೆ. ಅದು ನಿಲ್ಲಲಿ ಅಂತ ಹಾಕ್ದೆ. ಷರತ್ತು ಷರತ್ತೇ. ತಮ್ಮನಿಗೆ ಫೋನ್ ಮಾಡು, ಬಂದು ತಗೊಂಡು ಹೋಗ್ಲಿ. ನನಗೆ..." ಅಂಗಿಯ ತುದಿಯಿಂದ ಮುಖ ಒರೆಸಿಕೊಂಡ. "ಚೆನ್ನಾಗಿ ಓಡೋ ಮನೇಲಿ ನನಗೆ ಇರೋಕೆ ಬರಲ್ಲ ಕಣೇ. ಕಲ್ತೇ ಇಲ್ಲ ನಾನು."

ಅವಳು ಒಳಗೆ ಬಂದಳು. ಗುಂಡಿಯ ಪೊಟ್ಟಣ ಮೇಜಿನ ಮೇಲಿಟ್ಟಳು. ಕಿಟಕಿಗೆ ಹೋಗಿ ಚಿಲಕ ತೆಗೆದು ಎರಡೂ ಬಾಗಿಲು ಹೊರಗೆ ನೂಕಿದಳು. ಗಾಳಿ ಬಂತು. ಹೊಲಿಗೆ ಯಂತ್ರದ ಮುಂದೆ ಕೂತು, ಅಂಗಿಯ ಒಂದು ತೋಳು ಸೂಜಿಯ ಕೆಳಗೆ ಇಟ್ಟು, ಕಾಲಿನಿಂದ ಎರಡು ಸಲ ತುಳಿದು, ನಿಲ್ಲಿಸಿದಳು.

"ಇದ್ಯಾಕೋ ಸರಿಯಾಗಿ ಎಳೀತಿಲ್ಲ" ಎಂದಳು. "ಬೆಲ್ಟು ಸಡಿಲ ಆಗಿರ್ಬೇಕು. ಸ್ವಲ್ಪ ನೋಡ್ತೀರಾ?"

ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಆ ಯಂತ್ರಕ್ಕೆ ಅವನ ಬೆರಳು ತಗುಲಲು ಬಿಟ್ಟವಳಲ್ಲ. ಎಣ್ಣೆಯನ್ನೂ ತಾನೇ ಬಿಡುತ್ತಿದ್ದಳು. ಟೋನಪ್ಪ ಎದ್ದುಬಂದು ಮೊಣಕಾಲೂರಿ ಕೂತ. ಬೆಲ್ಟಿನ ಮೇಲೆ ಹೆಬ್ಬೆರಳು ಒತ್ತಿದ. ಮತ್ತೊಮ್ಮೆ ಒತ್ತಿದ. ಬೆಲ್ಟು ಬಿಗಿಯಾಗಿಯೇ ಇತ್ತು. ಎಷ್ಟು ಬೇಕೋ ಅಷ್ಟು ಬಿಗಿ, ಒಂದು ಕೂದಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ತಲೆ ಎತ್ತಿ ಅವಳನ್ನು ನೋಡಿದ. ಅವಳು ದಾರದ ಉಂಡೆಯಲ್ಲಿ ತುದಿ ಹುಡುಕುತ್ತಿದ್ದಳು.

"ಹೌದು" ಎಂದ ಅವನು. "ಸಡಿಲ ಆಗಿದೆ. ಬಿಚ್ಚಿ ನೋಡ್ಬೇಕು."

"ನೋಡಿ. ನಿಧಾನಕ್ಕೆ ಮಾಡಿ" ಎಂದಳು ಹೆಂಡತಿ, ಹದಿನಾಲ್ಕು ಅಂಗಿಗಳ ರಾಶಿಯನ್ನು ಪಕ್ಕಕ್ಕೆ ಸರಿಸುತ್ತಾ. "ನನಗೇನೂ ಅವಸರ ಇಲ್ಲ."